ಸ್ಟಾರ್ ಟ್ರೆಕ್: ಜೀರ್ಣೋದ್ಧಾರವೋ, ರೂಪಾಂತರವೋ?

ಜನರ ಮನಸ್ಸಿನಲ್ಲಿ ಒಮ್ಮೆ ನೆಲೆಗೊಂಡ ಕೃತಿಯನ್ನು ಆಮೇಲೆ ತಿದ್ದುವ ಅಧಿಕಾರವು ಯಾರಿಗೆ ಸೇರಿದ್ದೆಂಬ ಪ್ರಶ್ನೆಯು ಬಹು ಹಳೆಯದು. ಕಾವ್ಯಗಳ ವಿಷಯದಲ್ಲಿ ಅದನ್ನು ಓಲೆಗರಿಯ ಲಿಪಿಕಾರರು ಎಬ್ಬಿಸಿದರು. ದೇವಾಲಯಗಳ ವಿಷಯದಲ್ಲಿ ಜೀರ್ಣೋದ್ಧಾರಕ್ಕೆ ಹೊರಟ ಧರ್ಮದರ್ಶಿಗಳು ಎಬ್ಬಿಸಿದರು. ಈ ಕಾಲದಲ್ಲಿ ಅದೇ ಪ್ರಶ್ನೆಯನ್ನು ಚಲಚ್ಚಿತ್ರದ ಸುರುಳಿಗಳು ನಮ್ಮ ಮುಂದೆ ತಂದಿಟ್ಟಿವೆ. ಅಮೆರಿಕದ 'ಸ್ಟಾರ್ ಟ್ರೆಕ್' ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿದ್ದ ಹಳೆಯ ಚಮತ್ಕಾರದೃಶ್ಯಗಳನ್ನು, ಎಂದರೆ ಚಿತ್ರ ತಯಾರಕರು ಟ್ರಿಕ್ ದೃಶ್ಯಗಳೆಂದು ಕರೆಯುವವುಗಳನ್ನು ತೆಗೆದುಹಾಕಿ, ಕಂಪ್ಯೂಟರಿನಿಂದ ರಚಿಸಿದ ಹೊಸ ದೃಶ್ಯಗಳನ್ನು ಆ ಸ್ಥಾನದಲ್ಲಿ ಕೂಡಿಸುವ ಕೆಲಸವು ೨೦೦೬ರಲ್ಲಿ ಆರಂಭವಾಯಿತು. ಅಂದು ಅದರ ಅಭಿಮಾನಿಗಳೊಳಗೆ ಹುಟ್ಟಿದ ವಾಗ್ವಾದವು ಇಂದಿಗೂ ಆರಿಲ್ಲ. ಆಟಿಕೆಯಂಥ ಹಡಗೊಂದರ ಚಿತ್ರಕ್ಕಾಗಿ ನರೆತ ತಲೆಯವರು ಹೀಗೆ ಜಗಳಾಡಬೇಕೇ ಎಂದು ನಗುವವರುಂಟು. ನಾವು ಆ ನಗೆಯಲ್ಲಿ ಪಾಲುಗೊಳ್ಳಲಾರೆವು. ಒಂದು ತಲೆಮಾರು ಕಂಡುದನ್ನು ಮುಂದಿನ ತಲೆಮಾರು ಕಂಡಂತೆಯೇ ಕಾಣಬಹುದೇ, ಇಲ್ಲವೇ ಎಂಬುದು ಇಲ್ಲಿ ನಿರ್ಣಯವಾಗಬೇಕಾದ ಸಂಗತಿಯು.

ವಿಷಯವನ್ನು ಅರಿಯದ ವಾಚಕರಿಗಾಗಿ ಮೊದಲು ಎರಡು ಮಾತು. ಜೀನ್ ರಾಡನ್‌ಬೆರಿಯವರು ಕಲ್ಪಿಸಿದ ಈ ಧಾರಾವಾಹಿಯ ಮೊದಲ ಕಂತು ೧೯೬೬ನೆಯ ಸೆಪ್ಟೆಂಬರ್ ೮ರಂದು ಎನ್.ಬಿ.ಸಿ. ಸಂಸ್ಥೆಯ ಮೂಲಕ ಪ್ರಸಾರವಾಯಿತು. ಕೊನೆಯದು ೧೯೬೯ನೆಯ ಜೂನ್ ೩ರಂದು. ಒಟ್ಟು ೭೯ ಕಂತುಗಳು. ಮುಂದಿನ ಶತಮಾನಗಳಲ್ಲಿ ನಕ್ಷತ್ರಗಳ ನಡುವೆ ಸಂಚರಿಸುವ 'ಎಂಟರ್‌ಪ್ರೈಸ್' ಎಂಬ ನೌಕೆಯೇ ಕಥೆಯ ರಂಗಸ್ಥಳ. ನೌಕೆಯ ನಾಯಕ ಕರ್ಕ್, ಅನ್ಯಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದ ಸ್ಪಾಕ್, ವೈದ್ಯನಾದ ಮೆಕಾಯ್, ಈ ಮೂವರ ವಾದ ಸಂವಾದಗಳೇ ಅದರ ಜೀವ. ಅಮೆರಿಕವು ವರ್ಣದ್ವೇಷದ ಗಲಭೆಗಳಲ್ಲಿಯೂ ವಿಯೆಟ್ನಾಮ್ ಯುದ್ಧದಲ್ಲಿಯೂ ಬೇಯುತ್ತಿದ್ದ ದಿನಗಳಲ್ಲಿ, ಆಫ್ರಿಕದ ಮೂಲದ ಮಹಿಳೆ, ಏಷ್ಯದವನು, ರಷ್ಯದವನು ಒಂದೇ ನೌಕೆಯಲ್ಲಿ ಸಮಾನ ಗೌರವದಿಂದ ದುಡಿಯುವುದನ್ನು ಈ ಕಥೆಯು ಮನೆಮನೆಗೆ ತೋರಿಸಿತು. ಇದರ ಪ್ರಭಾವವು ಟ್ರಿಕ್ ದೃಶ್ಯಗಳನ್ನು ಮೀರಿದ್ದೆಂಬುದಕ್ಕೆ ಇಷ್ಟು ಸಾಕು.

ಈ ಅಭಿಮಾನಿಗಳು ಕೇವಲ ನೋಡಿ ಮರೆಯುವ ಪ್ರೇಕ್ಷಕರಲ್ಲ. ಎರಡನೆಯ ವರ್ಷದ ಅಂತ್ಯಕ್ಕೆ ಧಾರಾವಾಹಿಯು ನಿಂತುಹೋಗುವುದೆಂಬ ಸುದ್ದಿ ಹಬ್ಬಿದಾಗ, ಅವರು ದೇಶದ ಮೂಲೆಮೂಲೆಗಳಿಂದ ಪ್ರಸಾರ ಸಂಸ್ಥೆಗೆ ಪತ್ರಗಳ ಮಳೆಗರೆದರು. ೧೯೬೮ನೆಯ ಮಾರ್ಚ್ ತಿಂಗಳಲ್ಲಿ, ಧಾರಾವಾಹಿಯನ್ನು ಮುಂದುವರಿಸುವೆವೆಂದು ಸಂಸ್ಥೆಯು ಪ್ರಸಾರದಲ್ಲಿಯೇ ಸಾರಬೇಕಾಯಿತು. ೧೯೭೬ರಲ್ಲಿ ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್ ವಿಮಾನಕ್ಕೆ 'ಎಂಟರ್‌ಪ್ರೈಸ್' ಎಂಬ ಹೆಸರು ಬಂದುದೂ ಇವರು ಅಧ್ಯಕ್ಷ ಫೋರ್ಡ್ ಅವರಿಗೆ ಬರೆದ ಪತ್ರಗಳ ಫಲವೇ. ತಾವು ಕೈಹಿಡಿದು ಉಳಿಸಿಕೊಂಡ ವಸ್ತುವಿನ ಮೇಲೆ ತಮಗೂ ಸ್ವಲ್ಪ ಹಕ್ಕುಂಟೆಂದು ಅವರು ಭಾವಿಸಿದರೆ, ಕಾನೂನು ಏನೇ ಹೇಳಲಿ, ನ್ಯಾಯದ ದೃಷ್ಟಿಯಿಂದ ಅದನ್ನು ಉದ್ಧಟತನವೆನ್ನಲಾಗದು.

ಹಳೆಯ ಕೈಕೆಲಸ

ವಾದದ ಮೂಲವು ತಿಳಿಯಬೇಕಾದರೆ ಹಳೆಯ ದೃಶ್ಯಗಳು ಸಿದ್ಧವಾದ ಬಗೆಯನ್ನು ಅರಿಯಬೇಕು. ಎಂಟರ್‌ಪ್ರೈಸ್ ನೌಕೆಯ ಆಕಾರವನ್ನು ಕಲ್ಪಿಸಿದವರು ಕಲಾನಿರ್ದೇಶಕ ಮ್ಯಾಟ್ ಜೆಫ್ರೀಸ್ ಅವರು. ಎರಡನೆಯ ಮಹಾಯುದ್ಧದಲ್ಲಿ ವಿಮಾನಪಡೆಯಲ್ಲಿ ಸೇವೆ ಸಲ್ಲಿಸಿದವರು. ಅವರ ನಕ್ಷೆಯಂತೆ ೧೯೬೪ರಲ್ಲಿ ರಿಚರ್ಡ್ ಡೇಟಿನ್ ಅವರೂ ಅವರ ಜತೆಯ ಕೆಲಸಗಾರರೂ ಮರ, ಪ್ಲಾಸ್ಟಿಕ್, ಲೋಹದ ತಗಡುಗಳಿಂದ ಸುಮಾರು ೧೧ ಅಡಿ ಉದ್ದದ ಮಾದರಿಯನ್ನು ಕಟ್ಟಿದರು. ಒಳಗೆ ದೀಪಗಳನ್ನು ಹೊತ್ತಿಸಲು ವಿದ್ಯುತ್ ತಂತಿಗಳನ್ನು ಎಡಪಾರ್ಶ್ವದಿಂದ ಸೇರಿಸಿದ್ದುದರಿಂದ ಕ್ಯಾಮೆರಾಕ್ಕೆ ಬಲಪಾರ್ಶ್ವವನ್ನು ಮಾತ್ರವೇ ತೋರಿಸಬೇಕಾಗಿತ್ತು. ನೀಲಿ ಪರದೆಯ ಮುಂದೆ ಮಾದರಿಯನ್ನು ನಿಲ್ಲಿಸಿ ಚಿತ್ರ ತೆಗೆಯುವುದು, ನಕ್ಷತ್ರಗಳನ್ನು ಬೇರೆಯಾಗಿ ತೆಗೆಯುವುದು, ಗ್ರಹವನ್ನು ಬೇರೆಯಾಗಿ ತೆಗೆಯುವುದು, ಆಮೇಲೆ ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಈ ಸುರುಳಿಗಳನ್ನೆಲ್ಲ ಒಂದರ ಮೇಲೊಂದು ಮುದ್ರಿಸಿ ಒಂದೇ ದೃಶ್ಯವಾಗಿ ಮಾಡುವುದು, ಇದು ಅಂದಿನ ಕ್ರಮ. ವಾರಕ್ಕೊಂದು ಕಂತನ್ನು ಪ್ರಸಾರಕ್ಕೆ ಒಪ್ಪಿಸಬೇಕಾಗಿದ್ದ ಅವಸರದಲ್ಲಿ ಒಂದೇ ಕಾರ್ಖಾನೆಗೆ ಈ ಕೆಲಸ ಮುಗಿಯದೆ, ಹವರ್ಡ್ ಆಂಡರ್ಸನ್ ಕಂಪನಿ, ಲಿನ್‌ವುಡ್ ಡನ್ ಅವರ ಸಂಸ್ಥೆ ಮೊದಲಾದ ಹಲವರ ನಡುವೆ ಅದನ್ನು ಹಂಚಬೇಕಾಯಿತು.

ಹಣದ ಕೊರತೆಯು ಹಲವು ವೇಳೆ ಕಲ್ಪನೆಗೆ ತಾಯಿಯಾಯಿತು. ಪ್ರತಿವಾರವೂ ಇಷ್ಟು ದೊಡ್ಡ ನೌಕೆಯನ್ನು ಹೊಸ ಗ್ರಹವೊಂದರ ಮೇಲೆ ಇಳಿಸಿ ತೋರಿಸುವ ವೆಚ್ಚವನ್ನು ಭರಿಸಲಾರದೆ, ಮನುಷ್ಯರನ್ನು ಕಣ್ಣೆದುರಿಗೆ ಕರಗಿಸಿ ಮತ್ತೊಂದೆಡೆ ಮೂಡಿಸುವ ಯಂತ್ರವನ್ನು ಲೇಖಕರು ಕಲ್ಪಿಸಿದರು. ಬೆಳಕಿನ ಕೋಲಿನಲ್ಲಿ ಅಲ್ಯೂಮಿನಿಯಂ ಪುಡಿಯನ್ನು ಉದುರಿಸಿ ತೆಗೆದ ಆ ಮಿನುಗು, ಇಂದು ಜಗತ್ತೇ ಗುರುತಿಸುವ ಚಿಹ್ನೆಯಾಗಿದೆ. ಇನ್ನು ಕೆಲವು ಕಡೆ ಕೊರತೆಯು ಕೊರತೆಯಾಗಿಯೇ ಉಳಿಯಿತು. ನೌಕೆಯು ಸಾಗುವ ಅವೇ ನಾಲ್ಕಾರು ದೃಶ್ಯಗಳು ಕಂತಿನಿಂದ ಕಂತಿಗೆ ಮರಳಿ ಬಂದವು. ಒಂದೇ ಗೋಲವು ಬಣ್ಣ ಬದಲಿಸಿ ಹಲವು ಗ್ರಹಗಳ ವೇಷ ಹಾಕಿತು. ೧೯೬೭ನೆಯ ಅಕ್ಟೋಬರ್ ತಿಂಗಳಲ್ಲಿ ಪ್ರಸಾರವಾದ 'ಡೂಮ್ಸ್‌ಡೇ ಮೆಷಿನ್' ಎಂಬ ಕಂತಿನಲ್ಲಿ ಗ್ರಹಗಳನ್ನೇ ನುಂಗುವ ದೈತ್ಯಯಂತ್ರವು ಬರುವುದು. ಅದನ್ನು ಕಂಡು ಆ ಕಂತನ್ನು ಬರೆದ ನಾರ್ಮನ್ ಸ್ಪಿನ್ರಾಡ್ ಅವರೇ, ಗಾಳಿಯ ದಿಕ್ಕನ್ನು ತೋರಿಸುವ ಬಟ್ಟೆಯ ಚೀಲವನ್ನು ಸಿಮೆಂಟಿನಲ್ಲಿ ಅದ್ದಿದಂತಿದೆಯೆಂದು ಹಾಸ್ಯ ಮಾಡಿದುದುಂಟು. ಅದೇ ಕಂತಿನಲ್ಲಿ ಭಗ್ನವಾಗಿ ತೇಲುವ ಇನ್ನೊಂದು ನೌಕೆಯು, ಮಕ್ಕಳು ಅಂಗಡಿಯಲ್ಲಿ ಕೊಂಡು ಜೋಡಿಸುವ ಪ್ಲಾಸ್ಟಿಕ್ ಮಾದರಿಯನ್ನು ಸುಟ್ಟು ಮಾಡಿದ್ದು.

ತಿದ್ದಿದ ಕಾರಣ

ಹೀಗಿರುವಲ್ಲಿ, ಮಾಲಿಕರಾದ ಸಿ.ಬಿ.ಎಸ್. ಸಂಸ್ಥೆಯವರು ಧಾರಾವಾಹಿಯ ೪೦ನೆಯ ವರ್ಷದಲ್ಲಿ ಅದನ್ನು ತಿದ್ದಲು ಹೊರಟುದು ಬರಿಯ ಶೋಕಿಯಿಂದಲ್ಲ. ಅದಕ್ಕೊಂದು ನಿಜವಾದ ಕಾರಣವಿತ್ತು. ೧೯೬೬ರ ಅಮೆರಿಕದ ಟೆಲಿವಿಷನ್ ಚಿತ್ರವು ೫೨೫ ಗೆರೆಗಳದು. ಬಹುತೇಕ ಮನೆಗಳಲ್ಲಿದ್ದ ಪೆಟ್ಟಿಗೆಯೋ ಕಪ್ಪುಬಿಳುಪಿನದು, ಗಾತ್ರದಲ್ಲಿ ಚಿಕ್ಕದು. ಆ ಮಸುಕಿನಲ್ಲಿ ಅಡಗಿಹೋಗುತ್ತಿದ್ದ ಕುಂದುಗಳನ್ನು ೧,೦೮೦ ಗೆರೆಗಳ ಹೊಸ ಪರದೆಯು ಬಯಲಿಗೆಳೆಯಿತು. ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ನಟರಿರುವ ದೃಶ್ಯಗಳ ಮೂಲ ನೆಗೆಟಿವ್ ೩೫ ಮಿಲಿಮೀಟರಿನ ಉತ್ತಮ ಫಿಲ್ಮಾಗಿದ್ದು, ಅದನ್ನು ಹೊಸದಾಗಿ ಯಂತ್ರಕ್ಕೇರಿಸಿದಾಗ ನಿನ್ನೆ ತೆಗೆದಂತೆ ಹೊಳೆಯಿತು. ಆದರೆ ಟ್ರಿಕ್ ದೃಶ್ಯಗಳು ಫಿಲ್ಮಿನಿಂದ ಫಿಲ್ಮಿಗೆ ಮತ್ತೆ ಮತ್ತೆ ಮುದ್ರಿತವಾಗಿದ್ದುವು. ಪ್ರತಿಯೊಂದು ಮುದ್ರಣದಲ್ಲಿಯೂ ಕಣಗಳು ದಪ್ಪವಾದುವು, ಧೂಳು ಕೂಡಿಕೊಂಡಿತು, ಅಂಚುಗಳು ಕದಡಿದುವು. ಹೀಗಾಗಿ ಕರ್ಕನ ಮುಖದಿಂದ ಅವನ ನೌಕೆಯ ಕಡೆಗೆ ದೃಶ್ಯವು ಹೊರಳಿದೊಡನೆ, ಶುಭ್ರವಾದ ಕನ್ನಡಿಯಿಂದ ಮಂಜು ಕವಿದ ಕನ್ನಡಿಗೆ ಬಂದಂತಾಗುತ್ತಿತ್ತು. ಒಂದು ಭಾಗವನ್ನು ತೊಳೆದುದರಿಂದಲೇ ಮತ್ತೊಂದು ಭಾಗವು ಕೊಳಕಾಗಿ ಕಂಡಿತೆಂಬುದು ಈ ಕಥೆಯ ವಿಚಿತ್ರ.

ಕೆಲಸಕ್ಕೆ ತೊಡಗಿದವರಲ್ಲಿ ಮೈಕೆಲ್ ಒಕುಡಾ, ಡೆನಿಸ್ ಒಕುಡಾ, ಡೇವಿಡ್ ರಾಸಿ ಅವರು ಪ್ರಮುಖರು. ಧಾರಾವಾಹಿಯ ಹೊರಗಿನವರಲ್ಲ, ಅದರ ಭಕ್ತರೇ. ೨೦೦೬ನೆಯ ಸೆಪ್ಟೆಂಬರ್ ೧೬ರಂದು 'ಬ್ಯಾಲೆನ್ಸ್ ಆಫ್ ಟೆರರ್' ಎಂಬ ಕಂತಿನೊಡನೆ ಹೊಸ ರೂಪದ ಪ್ರಸಾರವು ಮೊದಲಾಯಿತು. ನೌಕೆಯ ಹೊರನೋಟ, ಗ್ರಹಗಳು, ಆಯುಧಗಳ ಕಿರಣಗಳು, ದೂರದ ನಗರಗಳನ್ನು ತೋರಿಸುವ ಬಣ್ಣದ ಚಿತ್ರಗಳು ಹೊಸದಾದುವು. ಅಲೆಕ್ಸಾಂಡರ್ ಕರೇಜ್ ಅವರು ರಚಿಸಿದ ಮೊದಲಿನ ವಾದ್ಯಸಂಗೀತವನ್ನೂ ಮತ್ತೊಮ್ಮೆ ನುಡಿಸಿ ಧ್ವನಿಮುದ್ರಿಸಲಾಯಿತು. ಆದರೆ ಸಂಭಾಷಣೆ, ಕಂತಿನೊಳಗಣ ಸಂಗೀತ, ದೃಶ್ಯಗಳ ಅವಧಿ ಇವು ಮೊದಲಿನಂತೆಯೇ ಉಳಿದುದರಿಂದ, ಹೊಸಬರು ತಮ್ಮ ಚಿತ್ರವನ್ನು ಹಳಬರು ಬಿಟ್ಟುಹೋದ ಅಳತೆಯ ಚೌಕಟ್ಟಿನಲ್ಲಿಯೇ ಕೂಡಿಸಬೇಕಾಗಿತ್ತು. ಪರದೆಯ ಹಳೆಯ ಆಕಾರವನ್ನೂ ಅವರು ಹಿಗ್ಗಿಸಲಿಲ್ಲ. ಈ ಸಂಯಮಕ್ಕಾಗಿ ಅವರನ್ನು ಶ್ಲಾಘಿಸದಿರುವುದು ಅನ್ಯಾಯವಾದೀತು.

ಪಕ್ಷ ಪ್ರತಿಪಕ್ಷಗಳು

ಇದರ ಮೇಲೆ ಅಭಿಮಾನಿಗಳು ಎರಡು ಪಂಗಡಗಳಾದರು. ಹೊಸದನ್ನು ಮೆಚ್ಚಿದವರ ವಾದವಿದು: ಅಂದಿನ ಕಲಾವಿದರು ಮನಸ್ಸಿನಲ್ಲಿ ಕಂಡುದನ್ನು ತೋರಿಸಲು ಅವರಿಗೆ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ, ಇಂದು ಅವರ ಸಂಕಲ್ಪವನ್ನು ಪೂರ್ಣಗೊಳಿಸುವುದು ಅವರಿಗೆ ಸಲ್ಲಿಸುವ ಗೌರವವೇ. ಇಂದಿನ ಬಾಲಕನು ನೌಕೆಯ ಸುತ್ತಲಿನ ಕಪ್ಪು ಅಂಚನ್ನು ಕಂಡು ನಕ್ಕು ಎದ್ದುಹೋದರೆ, ಕಥೆಯ ಸತ್ತ್ವವು ಅವನಿಗೆ ಮುಟ್ಟುವುದೆಂತು? ಇವರು 'ಡೂಮ್ಸ್‌ಡೇ ಮೆಷಿನ್' ಕಂತನ್ನೇ ಸಾಕ್ಷಿಗೆ ಕರೆಯುತ್ತಾರೆ. ಭಗ್ನನೌಕೆಯ ಚೂರುಗಳು ಶೂನ್ಯದಲ್ಲಿ ಉರುಳುವುದನ್ನೂ ದೈತ್ಯಯಂತ್ರದ ಬಾಯಿ ಕುದಿಯುವುದನ್ನೂ ಹೊಸ ರೂಪದಲ್ಲಿ ಕಂಡವರು, ಕಥೆಯ ಭೀತಿಯು ಈಗ ಇಮ್ಮಡಿಯಾಯಿತೆನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ.

ಪ್ರತಿಪಕ್ಷದವರು ಸುಮ್ಮನೆ ಹಳೆಯದಕ್ಕೆ ಜೋತುಬಿದ್ದವರೆಂದು ತಿಳಿಯಬೇಕಾಗಿಲ್ಲ. ಅವರು ಹೇಳುವುದೇನೆಂದರೆ: ಒಂದು ಕೃತಿಯ ಭಾಗಗಳೆಲ್ಲವೂ ಒಂದೇ ಕಾಲದ ಒಂದೇ ಕೈಹದದಿಂದ ಹುಟ್ಟಿದವು. ಹಲಗೆಯಿಂದ ಮಾಡಿದ ಬಂಡೆ, ನೇರಳೆ ಬಣ್ಣದ ಆಕಾಶ, ನಟರ ಉಚ್ಚಸ್ವರದ ಅಭಿನಯ, ಇವುಗಳ ಜತೆಯಲ್ಲಿ ಆ ಮರದ ನೌಕೆಯೂ ಹೊಂದಿಕೊಂಡಿತ್ತು. ನೌಕೆಯನ್ನು ಮಾತ್ರ ಹೊಸದು ಮಾಡಿದೊಡನೆ ಬಂಡೆಯು ಹಲಗೆಯೆಂಬುದು ಎದ್ದುಕಾಣುತ್ತದೆ. ಕಂಪನಿ ನಾಟಕಗಳನ್ನು ಕಂಡ ನಮ್ಮ ಹಿರಿಯರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಬಣ್ಣದ ಪರದೆಯ ಮೇಲಿನ ಅರಮನೆಯು ಅರಮನೆಯಲ್ಲವೆಂಬುದು ಪ್ರೇಕ್ಷಕನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ನಂಬಿದನು. ಪರದೆಯ ಮುಂದೆ ನಿಜವಾದ ಕಲ್ಲುಕಂಬವೊಂದನ್ನು ತಂದು ನಿಲ್ಲಿಸಿದ್ದರೆ ಆ ನಂಬಿಕೆಯು ಅಂದೇ ಮುರಿದುಬೀಳುತ್ತಿತ್ತು.

ಅವರ ಎರಡನೆಯ ಆಕ್ಷೇಪವು ಇನ್ನೂ ತೀಕ್ಷ್ಣವಾದುದು. ಹೊಸದೆಂಬುದು ಎಷ್ಟು ದಿನ ಹೊಸದು? ಮೊದಮೊದಲ ಕಂತುಗಳಲ್ಲಿ ಬಂದ ಕಂಪ್ಯೂಟರ್ ನೌಕೆಯು ಮೈತೂಕವಿಲ್ಲದ ಆಟಿಕೆಯಂತಿದೆಯೆಂಬ ದೂರು ಅಂದೇ ಕೇಳಿಬಂದು, ಮುಂದೆ ಅದನ್ನು ತಿದ್ದಬೇಕಾಯಿತು. ೨೦೦೬ರಲ್ಲಿ ಕಣ್ಣುಕೋರೈಸಿದ ಆ ದೃಶ್ಯಗಳಿಗೆ ಈಗಾಗಲೇ ಅವುಗಳ ಕಾಲದ ಮುದ್ರೆ ಬಿದ್ದಿದೆ. ಜೆಫ್ರೀಸ್ ಮತ್ತು ಡೇಟಿನ್ ಅವರು ಕೊಟ್ಟುಹೋದ ೧೧ ಅಡಿಯ ಮಾದರಿಯಾದರೋ, ೧೯೭೪ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನವಾಗಿ ಬಂದು, ಧಾರಾವಾಹಿಗೆ ೫೦ ತುಂಬಿದ ೨೦೧೬ರಲ್ಲಿ ಎಚ್ಚರಿಕೆಯ ದುರಸ್ತಿಯನ್ನು ಪಡೆದು, ವಾಷಿಂಗ್ಟನ್ನಿನ ವಿಮಾನ ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿ ಜನರ ದರ್ಶನಕ್ಕೆ ನಿಂತಿತು. ಒಂದೇ ದಶಕದೊಳಗೆ ಅದೇ ನೌಕೆಯ ಚಿತ್ರವನ್ನು ಒಂದು ಕೈ ಧಾರಾವಾಹಿಯಿಂದ ತೆಗೆದುಹಾಕಿತು. ಅದೇ ನೌಕೆಯ ಮರವನ್ನು ಇನ್ನೊಂದು ಕೈ ಗಾಜಿನೊಳಗಿಟ್ಟು ಕಾಪಾಡಿತು. ಸಂಗ್ರಹಾಲಯದಲ್ಲಿ ಪೂಜ್ಯವಾದ ವಸ್ತುವು ತಾನು ಹುಟ್ಟಿದ ಕೃತಿಯಲ್ಲಿ ಮಾತ್ರ ಅಪೂಜ್ಯವಾಯಿತೇ ಎಂದು ಅಭಿಮಾನಿಗಳು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ಎಲ್ಲೆಯು ಎಲ್ಲಿರಬೇಕೆಂಬುದಕ್ಕೆ 'ಅರೀನಾ' ಎಂಬ ಕಂತು ಒಳ್ಳೆಯ ನಿದರ್ಶನ. ಅದರಲ್ಲಿ ಕರ್ಕನು ಹಲ್ಲಿಯ ಮುಖದ ದೈತ್ಯನೊಬ್ಬನೊಡನೆ ಹೋರಾಡುತ್ತಾನೆ. ವಾ ಚಾಂಗ್ ಎಂಬ ಶಿಲ್ಪಿಯು ಕಡೆದ ಆ ಮುಖವಾಡದ ಕಣ್ಣುಗಳು ಮಿಟುಕುತ್ತಿರಲಿಲ್ಲ. ಹೊಸ ರೂಪದಲ್ಲಿ ಕಂಪ್ಯೂಟರಿನಿಂದ ರೆಪ್ಪೆಗಳನ್ನು ಮೂಡಿಸಿ ಅವನ್ನು ಮಿಟುಕಿಸಲಾಯಿತು. ಕೆಲಸವು ಅಂದವಾಗಿಯೇ ಇದೆ. ಆದರೆ ಧೂಳನ್ನು ಒರೆಸುವುದು ಒಂದು, ಕಣ್ಣಿಗೆ ರೆಪ್ಪೆಯನ್ನು ಹಚ್ಚುವುದು ಮತ್ತೊಂದು. ಮೊದಲನೆಯದು ಕೃತಿಯ ಸೇವೆ. ಎರಡನೆಯದು ಕೃತಿಯ ಮೇಲಿನ ವ್ಯಾಖ್ಯಾನ. ವ್ಯಾಖ್ಯಾನವು ಬೇಡವೆಂದು ನಾವು ಹೇಳುವುದಿಲ್ಲ. ಅದು ತನ್ನನ್ನು ಮೂಲವೆಂದು ಹೇಳಿಕೊಳ್ಳಬಾರದೆಂದಷ್ಟೇ ನಮ್ಮ ಮಾತು.

ಕರ್ತೃವಿನ ಅಧಿಕಾರ

ಕೃತಿಯನ್ನು ರಚಿಸಿದವನೇ ತಿದ್ದಿದರೆ ಆಕ್ಷೇಪಕ್ಕೆ ಎಡೆಯುಂಟೇ ಎಂಬುದು ಮುಂದಿನ ಪ್ರಶ್ನೆ. ರಾಡನ್‌ಬೆರಿಯವರು ೧೯೯೧ರಲ್ಲಿಯೇ ತೀರಿಕೊಂಡಿದ್ದುದರಿಂದ ಸ್ಟಾರ್ ಟ್ರೆಕ್ಕಿನ ತಿದ್ದುಪಡಿಗೆ ಅವರ ಒಪ್ಪಿಗೆಯನ್ನು ಯಾರೂ ಪಡೆಯುವಂತಿರಲಿಲ್ಲ. ಆದರೆ ಜಾರ್ಜ್ ಲೂಕಾಸ್ ಅವರು ೧೯೭೭ರ ತಮ್ಮ 'ಸ್ಟಾರ್ ವಾರ್ಸ್' ಚಿತ್ರವನ್ನು ತಾವೇ ತಿದ್ದಿ ೧೯೯೭ರಲ್ಲಿ ಮರಳಿ ಬಿಡುಗಡೆ ಮಾಡಿದರು. ಹೊಸ ಪ್ರಾಣಿಗಳು, ಹೊಸ ಕಟ್ಟಡಗಳು ಬಂದುವು. ಅಷ್ಟಕ್ಕೇ ನಿಲ್ಲದೆ, ಹೋಟೆಲೊಂದರಲ್ಲಿ ನಾಯಕರಲ್ಲೊಬ್ಬನಾದ ಹ್ಯಾನ್ ಸೋಲೋ ತನ್ನನ್ನು ಹಿಡಿಯಬಂದ ಗ್ರೀಡೋ ಎಂಬವನ ಮೇಲೆ ತಾನೇ ಗುಂಡು ಹಾರಿಸುವ ದೃಶ್ಯವು, ಗ್ರೀಡೋ ಮೊದಲು ಹಾರಿಸಿದಂತೆ ಬದಲಾಯಿತು. ಒಂದು ಕ್ಷಣದ ಈ ಬದಲಾವಣೆಯಿಂದ ಒಬ್ಬ ಪಾತ್ರಧಾರಿಯ ಶೀಲವೇ ಮಾರ್ಪಟ್ಟಿತು. ಇಲ್ಲಿ ಚಮತ್ಕಾರದ ತಿದ್ದುಪಡಿಯು ಕಥೆಯ ತಿದ್ದುಪಡಿಯಾಗಿ ಪರಿಣಮಿಸಿತು.

ಇದರಲ್ಲಿ ವಿಧಿಯ ಅಣಕವೂ ಉಂಟು. ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವ ವ್ಯಾಪಾರವು ಅಮೆರಿಕದಲ್ಲಿ ಹೆಚ್ಚಿದ್ದಾಗ, ೧೯೮೮ರಲ್ಲಿ ಇದೇ ಲೂಕಾಸ್ ಅವರು ಆ ದೇಶದ ಶಾಸನಸಭೆಯ ಮುಂದೆ ನಿಂತು, ಚಿತ್ರಗಳು ಜನತೆಯ ಸಾಂಸ್ಕೃತಿಕ ಆಸ್ತಿಯೆಂದೂ ಅವನ್ನು ವಿಕಾರಗೊಳಿಸಬಾರದೆಂದೂ ವಾದಿಸಿದ್ದರು. ಅದೇ ವರ್ಷ ಚಲಚ್ಚಿತ್ರ ಸಂರಕ್ಷಣೆಯ ಕಾಯಿದೆಯಾಯಿತು. ೧೯೮೯ರಲ್ಲಿ ಅದರಂತೆ ರಾಷ್ಟ್ರೀಯ ಪಟ್ಟಿಗೆ ಆರಿಸಿದ ಮೊದಲ ೨೫ ಚಿತ್ರಗಳಲ್ಲಿ 'ಸ್ಟಾರ್ ವಾರ್ಸ್' ಸಹ ಒಂದಾಗಿತ್ತು. ಆದರೆ ಜನರು ೧೯೭೭ರಲ್ಲಿ ಕಂಡ ರೂಪವು ೧೯೯೭ರಿಂದ ಮುಂದೆ ಹಿಂದೆ ಸರಿಯಿತು. ೨೦೦೬ರಲ್ಲಿ ಡಿವಿಡಿ ತಟ್ಟೆಗಳಲ್ಲಿ ಅದು ಬಂದಿತಾದರೂ, ೧೯೯೩ರ ಹಳೆಯ ಪ್ರತಿಯಿಂದ ಎತ್ತಿಕೊಂಡ ಮಸುಕಾದ ಅನುಬಂಧವಾಗಿ ಬಂದಿತು. ೨೦೨೫ನೆಯ ಜೂನ್ ತಿಂಗಳಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟಿನವರು ೧೯೭೭ರ ಮೂಲ ಪ್ರತಿಯೊಂದನ್ನೇ ತೆರೆಯ ಮೇಲೆ ತೋರಿಸಿದುದು ಒಂದು ವಿಶೇಷ ಸಮಾರಂಭವೇ ಆಯಿತು. ಕೋಟ್ಯಂತರ ಜನರು ಕಂಡಿದ್ದ ಚಿತ್ರವನ್ನು ಇದ್ದಂತೆ ಕಾಣುವುದೇ ಉತ್ಸವವಾಗುವ ಸ್ಥಿತಿಯು ಬರಬಾರದಿತ್ತು.

ಆದರೂ ಕರ್ತೃವಿನ ಎಲ್ಲ ತಿದ್ದುಪಡಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ೧೯೭೯ರಲ್ಲಿ ಸ್ಟಾರ್ ಟ್ರೆಕ್ಕಿನ ಮೊದಲ ದೊಡ್ಡ ಚಿತ್ರವನ್ನು, ಬಿಡುಗಡೆಯ ದಿನವು ಗೊತ್ತಾಗಿದ್ದ ಕಾರಣ, ನಿರ್ದೇಶಕ ರಾಬರ್ಟ್ ವೈಸ್ ಅವರು ಮನಸ್ಸಿಗೊಪ್ಪುವಷ್ಟು ಪರಿಷ್ಕರಿಸಲಾಗದೆ ಒಪ್ಪಿಸಬೇಕಾಯಿತು. ೨೦೦೧ರಲ್ಲಿ ಅವರೇ ಮುಂದೆ ನಿಂತು, ಕೆಲವು ಹೊಸ ಚಮತ್ಕಾರದೃಶ್ಯಗಳನ್ನೂ ಕೂಡಿಸಿ, ತಮ್ಮ ಚಿತ್ರವನ್ನು ಪೂರ್ಣಗೊಳಿಸಿದರು. ಅರ್ಧದಲ್ಲಿ ನಿಂತ ಗೋಪುರವನ್ನು ಕಟ್ಟಿದ ಶಿಲ್ಪಿಯೇ ಬಂದು ಮುಗಿಸುವುದು ಬೇರೆ. ಮುಗಿದ ಗೋಪುರದ ಮೂರ್ತಿಗಳನ್ನು ಒಡೆದು ಬೇರೆ ಕೂರಿಸುವುದು ಬೇರೆ. ಹಾಗಿದ್ದರೂ, ಈ ಎರಡರಲ್ಲಿಯೂ ಮೊದಲಿನ ರೂಪವು ಜನರ ಕೈಗೆ ಸಿಕ್ಕುತ್ತಿರುವವರೆಗೆ ಜಗಳಕ್ಕೆ ಕಾರಣವಿಲ್ಲ.

ಇತರ ದಾರಿಗಳು

ತಿದ್ದುವುದೊಂದೇ ದಾರಿಯಲ್ಲವೆಂಬುದನ್ನು ಸ್ಟಾರ್ ಟ್ರೆಕ್ಕಿನ ಮುಂದಿನ ಧಾರಾವಾಹಿಯೊಂದೇ ತೋರಿಸಿತು. ೧೯೮೭ರಿಂದ ೧೯೯೪ರವರೆಗೆ ಪ್ರಸಾರವಾದ ಅದರ ಟ್ರಿಕ್ ದೃಶ್ಯಗಳ ಅಂಗಾಂಗಗಳನ್ನು ಫಿಲ್ಮಿನಲ್ಲಿ ತೆಗೆದಿದ್ದರೂ, ಅವನ್ನು ಜೋಡಿಸಿದ್ದು ಕಡಿಮೆ ಗೆರೆಗಳ ವಿಡಿಯೊ ಟೇಪಿನಲ್ಲಿ. ೨೦೧೨ರಿಂದ ೨೦೧೪ರವರೆಗೆ ಅದು ಬ್ಲೂ-ರೇ ತಟ್ಟೆಗಳಲ್ಲಿ ಬಂದಾಗ, ಉಗ್ರಾಣದಲ್ಲಿದ್ದ ಮೂಲ ಫಿಲ್ಮಿನ ತುಂಡುಗಳನ್ನು ಹುಡುಕಿ ತೆಗೆದು, ಹಳಬರು ಜೋಡಿಸಿದ ಕ್ರಮದಲ್ಲಿಯೇ ಮತ್ತೊಮ್ಮೆ ಜೋಡಿಸಲಾಯಿತು. ಹೊಸದಾಗಿ ರಚಿಸಬೇಕಾದುದು ಬಹು ಸ್ವಲ್ಪ. ಮಾದರಿ ಕಟ್ಟಿದವನ ಕೈಯೂ ದೀಪ ಹಿಡಿದವನ ಕೈಯೂ ಅಲ್ಲಿ ಹಾಗೆಯೇ ಕಾಣುವುದು. ಇದು ದುಬಾರಿಯ ದಾರಿ, ತಾಳ್ಮೆಯ ದಾರಿ. ಜೀರ್ಣೋದ್ಧಾರವೆಂಬ ಹೆಸರಿಗೆ ಪಾತ್ರವಾದ ದಾರಿ.

ಇಂಗ್ಲೆಂಡಿನ ಬಿ.ಬಿ.ಸಿ.ಯವರ ಅನುಭವವೂ ಪಾಠ ಕಲಿಸತಕ್ಕದ್ದು. ೧೯೬೩ರಲ್ಲಿ ಆರಂಭವಾದ ಅವರ 'ಡಾಕ್ಟರ್ ಹೂ' ಧಾರಾವಾಹಿಯ ಹಳೆಯ ಕಥೆಯೊಂದರಲ್ಲಿ ಲಂಡನ್ನಿನ ಮೇಲೆ ಹಾರುವ ತಟ್ಟೆಯು ದಾರದಲ್ಲಿ ತೂಗಿದಂತೆಯೇ ಕಾಣುತ್ತಿತ್ತು. ೨೦೦೩ರ ಡಿವಿಡಿಯಲ್ಲಿ ಹೊಸ ತಟ್ಟೆಯ ದೃಶ್ಯಗಳನ್ನು ಸಿದ್ಧಪಡಿಸಿದರಾದರೂ, ಬೇಕೆಂದವರು ಮಾತ್ರ ಆರಿಸಿಕೊಳ್ಳುವಂತೆ ಅವನ್ನು ಪ್ರತ್ಯೇಕವಾಗಿಟ್ಟರು, ಯಾರೂ ಜಗಳಾಡಲಿಲ್ಲ. ಆದರೆ ೧೯೮೮ರಲ್ಲಿ ಮೊದಲಾದ 'ರೆಡ್ ಡ್ವಾರ್ಫ್' ಎಂಬ ಹಾಸ್ಯ ಧಾರಾವಾಹಿಯ ಮೊದಲ ಮೂರು ಭಾಗಗಳನ್ನು ೧೯೯೮ರಲ್ಲಿ ಹೊಸ ದೃಶ್ಯಗಳೊಡನೆ ತಿದ್ದಿ ಹೊರತಂದಾಗ, ಅಭಿಮಾನಿಗಳಲ್ಲಿ ಬಹುಮಂದಿ ಅದನ್ನು ಮೆಚ್ಚಲಿಲ್ಲ. ೨೦೦೨ರಿಂದ ಡಿವಿಡಿಗಳು ಬರತೊಡಗಿದಾಗ ಮೂಲರೂಪಕ್ಕೇ ಅಗ್ರಸ್ಥಾನ ದೊರಕಿತು. ಆಯ್ಕೆಯನ್ನು ಕೊಟ್ಟಲ್ಲಿ ಶಾಂತಿ, ಕಿತ್ತುಕೊಂಡಲ್ಲಿ ಕಲಹ.

ಕನ್ನಡ ನಾಡಿಗೂ ಈ ಪ್ರಶ್ನೆಯು ಬಂದುಹೋಗಿದೆ. ರಾಜಕುಮಾರ್ ಅವರು ನಟಿಸಿದ ೧೯೬೫ರ 'ಸತ್ಯ ಹರಿಶ್ಚಂದ್ರ'ವು ೨೦೦೮ರಲ್ಲಿಯೂ, ೧೯೭೧ರ 'ಕಸ್ತೂರಿ ನಿವಾಸ'ವು ೨೦೧೪ರಲ್ಲಿಯೂ ಬಣ್ಣವನ್ನು ತಳೆದು ತೆರೆಗೆ ಮರಳಿದುವು. ಜನರು ಉತ್ಸಾಹದಿಂದ ಹೋಗಿ ನೋಡಿದರು. ಹಾಗೆ ನೋಡಿದವರ ಆನಂದವನ್ನು ನಾವು ಹೀಗಳೆಯುವುದಿಲ್ಲ. ಆದರೆ ಸ್ಮಶಾನದ ದೃಶ್ಯಕ್ಕೆ ನೆರಳು ಬೆಳಕುಗಳನ್ನು ಲೆಕ್ಕಹಾಕಿ ಹಂಚಿದ ಛಾಯಾಗ್ರಾಹಕನ ಕಸಬು ಕಪ್ಪುಬಿಳುಪಿನದು. ಅವನ ಕೆಲಸವನ್ನು ಅರಿಯಬೇಕೆನ್ನುವ ವಿದ್ಯಾರ್ಥಿಗೆ ಕಪ್ಪುಬಿಳುಪಿನ ಪ್ರತಿಯೇ ಬೇಕು.

ನಮ್ಮ ಅಭಿಪ್ರಾಯ

ಇನ್ನು ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವೆವು. ಹಳೆಯದು ಮೇಲೋ ಹೊಸದು ಮೇಲೋ ಎಂಬ ವಾದವು ರುಚಿಯ ವಾದ. ಅದು ಎಂದಿಗೂ ಮುಗಿಯಲಾರದು, ಮುಗಿಯಬೇಕಾದುದೂ ಇಲ್ಲ. ಮುಗಿಯಬೇಕಾದ ಪ್ರಶ್ನೆಯು ಒಂದೇ: ಹೊಸದು ಬಂದಾಗ ಹಳೆಯದು ಎಲ್ಲಿ ಹೋಗುವುದು? ಈ ವಿಷಯದಲ್ಲಿ ಹಳಗನ್ನಡ ಗ್ರಂಥಗಳನ್ನು ಸಂಪಾದಿಸಿದ ನಮ್ಮ ಪಂಡಿತರು ತುಳಿದ ಹಾದಿಯು ಎಲ್ಲರಿಗೂ ಮಾರ್ಗದರ್ಶಕವಾಗಿದೆ. ಓಲೆಗರಿಯಲ್ಲಿ ಲಿಪಿಕಾರನ ತಪ್ಪು ಕಂಡರೆ ಅವರು ತಿದ್ದಿದರು. ಆದರೆ ತಿದ್ದಿದುದನ್ನು ಮರೆಮಾಚದೆ, ಬೇರೆ ಪ್ರತಿಗಳಲ್ಲಿದ್ದ ಪಾಠಾಂತರವನ್ನು ಪುಟದ ಅಡಿಯಲ್ಲಿಯೇ ಮುದ್ರಿಸಿದರು. ಸಂಪಾದಕನ ಬುದ್ಧಿಯೂ ಉಳಿಯಿತು, ಓದುವವನ ಸ್ವಾತಂತ್ರ್ಯವೂ ಉಳಿಯಿತು. ನಾಳೆ ಬೇರೊಬ್ಬ ವಿದ್ವಾಂಸನು ಬಂದು, ಕೈಬಿಟ್ಟ ಪಾಠವೇ ಸರಿಯೆಂದು ತೋರಿಸಲು ದಾರಿಯೂ ಉಳಿಯಿತು.

೨೦೦೯ರಲ್ಲಿ ಸ್ಟಾರ್ ಟ್ರೆಕ್ಕಿನ ಬ್ಲೂ-ರೇ ತಟ್ಟೆಗಳು ಬಂದಾಗ ಸಿ.ಬಿ.ಎಸ್. ಸಂಸ್ಥೆಯವರು ಮಾಡಿದುದು ಹೆಚ್ಚು ಕಡಿಮೆ ಇದನ್ನೇ. ಒಂದು ಗುಂಡಿಯನ್ನು ಒತ್ತಿದರೆ ಹಳೆಯ ದೃಶ್ಯ, ಮತ್ತೊಮ್ಮೆ ಒತ್ತಿದರೆ ಹೊಸದು. ಹಳೆಯ ಫಿಲ್ಮನ್ನೂ ತೊಳೆದು ಸ್ವಚ್ಛಗೊಳಿಸಿಯೇ ಕೊಟ್ಟಿದ್ದರು. ತಂದೆಯು ತಾನು ಬಾಲ್ಯದಲ್ಲಿ ಕಂಡ ನೌಕೆಯನ್ನು ಮಗನಿಗೆ ತೋರಿಸಬಹುದು. ಮಗನು ತನಗೊಪ್ಪಿದ ನೌಕೆಯನ್ನು ತಂದೆಗೆ ತೋರಿಸಬಹುದು. ವಾಗ್ವಾದವು ಮನೆಯೊಳಗಿನ ಸರಸವಾಯಿತು. ಇಷ್ಟು ನ್ಯಾಯವಾದ ಪರಿಹಾರವು ಕಣ್ಣೆದುರಿಗಿರುವಾಗ ಅದನ್ನು ಕೈಬಿಡುವುದಕ್ಕೆ ಸಬೂಬು ಇರಲಾರದು.

ಆದರೂ ನಿಶ್ಚಿಂತೆಯಿಂದಿರುವಂತಿಲ್ಲ. ತಟ್ಟೆಗಳನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವವರು ವರ್ಷೇ ವರ್ಷೇ ಕಡಿಮೆಯಾಗುತ್ತಿದ್ದಾರೆ. ಅಂತರ್ಜಾಲದ ಮೂಲಕ ಚಿತ್ರಗಳನ್ನು ಒದಗಿಸುವ ಕಂಪನಿಗಳು ಸಾಮಾನ್ಯವಾಗಿ ತಿದ್ದಿದ ರೂಪವನ್ನೇ ಮುಂದಿಡುತ್ತವೆ. ಅಲ್ಲಿ ಗುಂಡಿಯೂ ಇಲ್ಲ, ಅಡಿಟಿಪ್ಪಣಿಯೂ ಇಲ್ಲ. ಇಂದು ಮೊದಲ ಬಾರಿಗೆ ನೋಡುವ ತರುಣನು ೨೦೦೬ರ ಕೈಕೆಲಸವನ್ನು ೧೯೬೬ರದೆಂದೇ ನಂಬಿ ಏಳುತ್ತಾನೆ. ಯಾರೂ ಅವನಿಗೆ ಸುಳ್ಳು ಹೇಳಲಿಲ್ಲ. ಯಾರೂ ನಿಜವನ್ನೂ ಹೇಳಲಿಲ್ಲ. ಬಲಾತ್ಕಾರವಾಗಿ ನಾಶಮಾಡಿದ ಕೃತಿಗಾಗಿ ಅಳುವವರಾದರೂ ಇರುತ್ತಾರೆ. ಸದ್ದಿಲ್ಲದೆ ಬದಲಾದ ಕೃತಿಯು ಬದಲಾಯಿತೆಂಬುದೇ ಗೊತ್ತಾಗದೆ ಕಣ್ಮರೆಯಾಗುತ್ತದೆ.

ಆದುದರಿಂದ ಕೃತಿಗಳ ಒಡೆತನವುಳ್ಳವರು ಮೂರು ನಿಯಮಗಳನ್ನು ಪಾಲಿಸತಕ್ಕದ್ದೆಂದು ನಾವು ಸೂಚಿಸುವೆವು. ತಿದ್ದಿದ ರೂಪವನ್ನು ತೋರಿಸುವಾಗ, ಇದು ಇಂಥ ವರ್ಷ ತಿದ್ದಿದ್ದೆಂದು ಆರಂಭದಲ್ಲಿಯೇ ತಿಳಿ ಅಕ್ಷರಗಳಲ್ಲಿ ಸಾರಬೇಕು. ಹೊಸದು ಎಲ್ಲಿ ದೊರಕುವುದೋ ಅಲ್ಲಿಯೇ ಹಳೆಯದೂ ದೊರಕಬೇಕು. ಒಂದನ್ನು ಹಜಾರದಲ್ಲಿಯೂ ಇನ್ನೊಂದನ್ನು ಅಟ್ಟದ ಮೇಲೂ ಇಡಬಾರದು. ಹೊಸ ಕೆಲಸಗಾರರ ಹೆಸರುಗಳನ್ನು ಬರೆಯುವಾಗ, ಯಾರ ಕೆಲಸವನ್ನು ತೆಗೆದರೋ ಆ ಹಳೆಯ ಕೆಲಸಗಾರರ ಹೆಸರುಗಳನ್ನೂ ಉಳಿಸಬೇಕು. ಇವುಗಳಿಗೆ ತಗಲುವ ವೆಚ್ಚವು ಒಂದು ಹೊಸ ದೃಶ್ಯದ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಅಭಿಮಾನಿಗಳಿಗೂ ಒಂದು ಮಾತುಂಟು. ೧೯೬೮ರಲ್ಲಿ ಅವರ ಹಿರಿಯರು ಪತ್ರ ಬರೆದು ಧಾರಾವಾಹಿಯನ್ನು ಉಳಿಸಿದರು. ಈಗ ತಮ್ಮತಮ್ಮೊಳಗೆ ನೌಕೆಯ ಅಂದಚಂದಗಳ ಬಗ್ಗೆ ಕಾದಾಡುವ ಶಕ್ತಿಯಲ್ಲಿ ಅರ್ಧವನ್ನಾದರೂ, ಎರಡು ರೂಪಗಳೂ ಎಲ್ಲರಿಗೂ ದೊರಕಲೆಂದು ಒಕ್ಕೊರಲಿನಿಂದ ಕೇಳುವುದಕ್ಕೆ ವಿನಿಯೋಗಿಸಿದರೆ, ಮಾಲಿಕರು ಕಿವಿಗೊಡದೆ ಇರಲಾರರು. ಗ್ರಹಗಳನ್ನು ಹೊಸದಾಗಿ ಬರೆಯಬಲ್ಲವರಿಗೆ, ಹಳೆಯ ಗ್ರಹವೊಂದನ್ನು ಇದ್ದಲ್ಲಿಯೇ ಇರಗೊಡುವುದು ಕಷ್ಟದ ಕೆಲಸವಲ್ಲ.